ದೆವ್ವ ತೋರಿಸಿದ ಮೇಷ್ಟರು

ದೆವ್ವಗಳು ಉಂಟೆ, ಇಲ್ಲವೆ ಎಂಬ ವಿವಾದಕ್ಕೆ ಕೈಹಾಕುವ ಉದ್ದೇಶ ಈ ಬರಹಕ್ಕಿಲ್ಲ. ಉಂಟೆನ್ನುವವರು ಅದನ್ನು ಹಗಲಿನಲ್ಲಿ ಸಾಧಿಸಿ ತೋರಿಸಿಲ್ಲ. ಇಲ್ಲವೆನ್ನುವವರು ಅಮಾವಾಸ್ಯೆಯ ರಾತ್ರಿ ಒಬ್ಬರೇ ಸ್ಮಶಾನದ ಮಗ್ಗುಲಲ್ಲಿ ಹೋಗಬೇಕಾಗಿ ಬಂದಾಗ ಕೊಂಚ ಬೇಗ ಬೇಗನೆ ಹೆಜ್ಜೆ ಹಾಕುವುದನ್ನು ನಾನು ಕಂಡಿದ್ದೇನೆ. ಆದಕಾರಣ ಆ ವಿಚಾರವನ್ನು ಬಲ್ಲವರಿಗೆ ಬಿಟ್ಟು, ದೆವ್ವ ತೋರಿಸುತ್ತೇನೆಂದು ನಮ್ಮನ್ನು ರಾತ್ರಿಯ ಹೊತ್ತು ಕರೆದುಕೊಂಡು ಹೋಗಿ ಬೇರೆ ಏನನ್ನೋ ತೋರಿಸಿದ ಒಬ್ಬ ಉಪಾಧ್ಯಾಯರ ವಿಷಯವನ್ನು ಮಾತ್ರ ವಾಚಕರ ಮುಂದಿಡುತ್ತೇನೆ. ಅವರು ಪಾಠದ ಕೋಣೆಯಲ್ಲಿ ಹೇಳಿಕೊಟ್ಟದ್ದರಲ್ಲಿ ಬಹುಭಾಗವನ್ನು ನಾನು ಮರೆತಿದ್ದೇನೆ. ಆ ರಾತ್ರಿಗಳಲ್ಲಿ ಕಲಿತದ್ದನ್ನು ಮರೆಯುವುದು ಸಾಧ್ಯವಾಗಿಲ್ಲ.

ಇಂಗ್ಲೆಂಡಿನ ಯಾರ್ಕ್, ಸ್ಕಾಟ್ಲೆಂಡಿನ ಎಡಿನ್‌ಬರೊ ಮುಂತಾದ ಹಳೆಯ ಪಟ್ಟಣಗಳಲ್ಲಿ ಯಾತ್ರಿಕರನ್ನು ಕತ್ತಲಾದ ಮೇಲೆ ಗುಂಪುಗೂಡಿಸಿ, ದೆವ್ವದ ತಾಣಗಳೆಂದು ಹೆಸರಾದ ಓಣಿಗಳಿಗೂ ನೆಲಮಾಳಿಗೆಗಳಿಗೂ ಕರೆದೊಯ್ದು ಕಥೆ ಹೇಳುವುದು ಈಗ ಒಂದು ಜೀವನೋಪಾಯವೇ ಆಗಿದೆ. ನಮ್ಮ ಮೇಷ್ಟರು ಆ ಸುದ್ದಿಯನ್ನು ಕೇಳಿದ್ದರೆಂದು ನನಗೆ ತೋರುವುದಿಲ್ಲ. ಅವರು ಶ್ರೀರಂಗಪಟ್ಟಣದ ಒಂದು ಪ್ರೌಢಶಾಲೆಯಲ್ಲಿ ಚರಿತ್ರೆಯ ಪಾಠ ಹೇಳುತ್ತಿದ್ದರು. ತೆಳ್ಳನೆಯ ಮೈಕಟ್ಟು, ಬಿಳಿಯ ಪಂಚೆ, ಮೊಣಕೈವರೆಗೆ ಮಡಿಸಿದ ಅಂಗಿ, ಸದಾ ಒದ್ದೆಯಾದಂತೆ ಕಾಣುವ ಕನ್ನಡಕ. ಧ್ವನಿ ಮಾತ್ರ ದೊಡ್ಡದು. ಅದನ್ನು ಅವರು ತರಗತಿಯಲ್ಲಿ ಉಪಯೋಗಿಸುತ್ತಿದ್ದುದು ಕಡಿಮೆ.

ಅವರ ರಾತ್ರಿಯ ನಡಿಗೆ ಮೊದಲಾದ ಬಗೆ ಹೀಗೆ. ಹತ್ತನೆಯ ತರಗತಿಯ ಹುಡುಗರಿಗೆ ಸಂಜೆ ಅವರು ಉಚಿತವಾಗಿ ಹೆಚ್ಚಿನ ಪಾಠ ಹೇಳುತ್ತಿದ್ದರು. ಪಾಠ ಮುಗಿಯುವಾಗ ಕತ್ತಲಾಗುತ್ತಿತ್ತು. ಹೊಳೆಯಾಚೆಯ ಹಳ್ಳಿಗಳಿಂದ ಬರುತ್ತಿದ್ದ ನಾವು ಮನೆಗೆ ಹೋಗಬೇಕಾದರೆ ಮೈಸೂರಿನ ಹೆದ್ದಾರಿಯ ಮಗ್ಗುಲಲ್ಲಿರುವ ಇಂಗ್ಲಿಷರ ಹಳೆಯ ಗೋರಿಗಳ ತೋಟವನ್ನು ದಾಟಬೇಕಾಗಿತ್ತು. ಒಬ್ಬೊಬ್ಬನಾಗಿ ಹುಡುಗರು ಸಂಜೆಯ ಪಾಠವನ್ನು ಬಿಟ್ಟರು. ಕಾರಣ ಕೇಳಿದರೆ ಹೊಟ್ಟೆನೋವು, ಹಸು ಕಟ್ಟುವ ಕೆಲಸ, ಅಪ್ಪನ ಕೋಪ ಎಂದು ಹೇಳುತ್ತಿದ್ದೆವೇ ಹೊರತು ದೆವ್ವದ ಹೆಸರನ್ನು ಯಾರೂ ಎತ್ತಲಿಲ್ಲ. ಮೇಷ್ಟರಿಗೆ ಅರ್ಥವಾಯಿತು. ಅವರು ನಮಗೆ ಧೈರ್ಯದ ವಿಷಯವಾಗಿ ಉಪದೇಶ ಮಾಡಲಿಲ್ಲ. ಒಂದು ಕಂದೀಲನ್ನು ಹಿಡಿದುಕೊಂಡು, “ನಡೆಯಿರಿ, ನಾನೂ ಬರುತ್ತೇನೆ” ಎಂದರು. ಹೀಗೆ ಮಕ್ಕಳನ್ನು ಮನೆ ಮುಟ್ಟಿಸುವುದಕ್ಕೆಂದು ಹೊರಟದ್ದು ಕ್ರಮೇಣ ತಿಂಗಳಿಗೊಂದು ಶನಿವಾರದ ‘ದೆವ್ವದ ನಡಿಗೆ’ಯಾಗಿ ಬೆಳೆಯಿತು. ಊರಿನ ಕೆಲವು ದೊಡ್ಡವರೂ ಬರತೊಡಗಿದರು. ಮೈಸೂರಿನಿಂದ ಬಂದ ನೆಂಟರಿಷ್ಟರು, “ನಿಮ್ಮ ಮೇಷ್ಟರು ದೆವ್ವ ತೋರಿಸುತ್ತಾರಂತೆ” ಎಂದು ಕೇಳಿಕೊಂಡು ಬಂದುದೂ ಉಂಟು. ದೊಡ್ಡವರು ಆಳಿಗೆ ಎರಡು ರೂಪಾಯಿ ಕೊಡಬೇಕಾಗಿತ್ತು. ಆ ಹಣವೆಲ್ಲ ಶಾಲೆಯ ಪುಸ್ತಕದ ಬೀರುವಿಗೆ ಹೋಗುತ್ತಿತ್ತು.

ನಡಿಗೆಗೆ ಮೂರು ನಿಯಮಗಳಿದ್ದುವು. ಒಂದೊಂದು ತಾಣದಲ್ಲಿಯೂ ಮೊದಲು ಅಲ್ಲಿನ ಕಥೆಯನ್ನು ಜನ ಹೇಳುವಂತೆಯೇ ಪೂರ್ತಿಯಾಗಿ ಹೇಳುವುದು. ನಡುವೆ ಯಾರೂ ನಗಕೂಡದು. ಆಮೇಲೆ ದೀಪ ಆರಿಸಿ ಮನಸ್ಸಿನಲ್ಲಿ ನೂರು ಎಣಿಸುವವರೆಗೆ ಸುಮ್ಮನೆ ನಿಂತು, ಕೇಳಿಸಿದ್ದನ್ನೆಲ್ಲ ಕೇಳುವುದು. ಕೊನೆಗೆ ದೀಪ ಹಚ್ಚಿ, ಅಲ್ಲಿ ಓದತಕ್ಕ ಕಲ್ಲು, ಅಕ್ಷರ, ಗುರುತು ಏನಿದೆಯೋ ಅದನ್ನು ಓದುವುದು. ಎರಡನೆಯ ನಿಯಮ ಬಹಳ ಕಷ್ಟವಾದುದು. ಮೊದಲ ಇಪ್ಪತ್ತು ಎಣಿಸುವುದರೊಳಗೆ ನಾಲ್ಕು ಕಡೆಯಿಂದಲೂ ದೆವ್ವಗಳು ಬರುತ್ತಿದ್ದುವು. ಐವತ್ತಕ್ಕೆ ಅವು ಕಪ್ಪೆಯಾಗಿಯೂ ಹೊಳೆಯ ನೀರಾಗಿಯೂ ಅರಳಿಯ ಎಲೆಯಾಗಿಯೂ ಪಕ್ಕದ ಹುಡುಗನ ಉಸಿರಾಗಿಯೂ ಬೇರೆ ಬೇರೆಯಾಗುತ್ತಿದ್ದುವು. ನೂರಾಗುವ ಹೊತ್ತಿಗೆ ಉಳಿಯುತ್ತಿದ್ದುದು ನಮ್ಮ ಎದೆಯ ಬಡಿತವೊಂದೇ. “ಹೆದರಿದವನು ಓಡುತ್ತಾನೆ, ಧೈರ್ಯಶಾಲಿ ಎದುರು ನುಗ್ಗುತ್ತಾನೆ, ಇಬ್ಬರಿಗೂ ಏನೂ ಕೇಳಿಸುವುದಿಲ್ಲ. ನಿಂತವನಿಗೆ ಕೇಳಿಸುತ್ತದೆ” ಎಂದು ಅವರು ಒಮ್ಮೆ ಹೇಳಿದರು. ಈ ಮಾತನ್ನು ನಾನು ಪರೀಕ್ಷೆಯ ಕೋಣೆಯಲ್ಲಿಯೂ, ಮುಂದೆ ಆಸ್ಪತ್ರೆಯ ಬಾಗಿಲಿನಲ್ಲಿಯೂ ಉಪಯೋಗಿಸಿದ್ದೇನೆ.

ಶ್ರೀರಂಗಪಟ್ಟಣದಂಥ ಊರಿನಲ್ಲಿ ದೆವ್ವಗಳಿಗೆ ಬರಗಾಲವಿಲ್ಲ. ಕಾವೇರಿಯ ನಡುವಣ ಈ ದ್ವೀಪದಲ್ಲಿ ೧೭೯೯ನೆಯ ಇಸವಿ ಮೇ ತಿಂಗಳ ೪ನೆಯ ತಾರೀಖು ಒಂದೇ ಮಧ್ಯಾಹ್ನದಲ್ಲಿ ಸಾವಿರಾರು ಮಂದಿ ಮಡಿದರು. ಟಿಪ್ಪು ಸುಲ್ತಾನನ ದೇಹ ಸಿಕ್ಕಿದ ಜಾಗವನ್ನು ಒಂದು ಕಲ್ಲು ಇಂದಿಗೂ ತೋರಿಸುತ್ತದೆ. ಅದರ ಮುಂದೆ ದೀಪ ಎತ್ತಿ ಹಿಡಿದು ಮೇಷ್ಟರು, “ಆ ದಿನ ಸತ್ತವರಲ್ಲಿ ಒಬ್ಬರಿಗೆ ಕಲ್ಲು ಸಿಕ್ಕಿತು. ಮಿಕ್ಕವರಿಗೆ ಏನು ಸಿಕ್ಕಿತು?” ಎಂದು ಕೇಳಿದರು. ನಾವು ಬಾಯಿ ಬಿಡಲಿಲ್ಲ. “ಕಥೆ ಸಿಕ್ಕಿತು. ರಾತ್ರಿ ಕುದುರೆಯ ಗೊರಸಿನ ಸದ್ದು ಕೇಳಿಸುತ್ತದೆಂದು ನಿಮ್ಮ ಅಜ್ಜಿಯರು ಹೇಳುತ್ತಾರಲ್ಲ, ಅದೇ ಅವರ ಕಲ್ಲು” ಎಂದರು. ಕರ್ನಲ್ ಬೇಯ್ಲಿಯ ಹೆಸರಿನ ನೆಲಮಾಳಿಗೆಯ ಹೊರಗೆ ನಿಂತು, ೧೭೮೦ರಲ್ಲಿ ಸೆರೆಸಿಕ್ಕಿ ೧೭೮೨ರಲ್ಲಿ ಇದೇ ಊರಿನಲ್ಲಿ ಸೆರೆಯಲ್ಲಿಯೇ ತೀರಿಕೊಂಡ ಆ ಪರದೇಶದವನ ವಿಷಯವನ್ನು ಹೇಳುವಾಗಲೂ ಅವರ ಧ್ವನಿ ಬದಲಾಗಲಿಲ್ಲ. ಸತ್ತವರಲ್ಲಿ ನಮ್ಮವರು, ಅವರವರು ಎಂಬ ಭೇದವನ್ನು ಅವರು ರಾತ್ರಿಯ ಹೊತ್ತು ಮಾಡುತ್ತಿರಲಿಲ್ಲ.

ಇನ್ನೊಂದು ರಾತ್ರಿ ಮಾತು ‘ಗಾಳಿ’ಯ ಕಡೆಗೆ ತಿರುಗಿತು. ಹೊಳೆಯ ದಂಡೆಯಲ್ಲಿ ಸಂಜೆ ತಿರುಗಿದರೆ ಗಾಳಿ ಸೋಕುತ್ತದೆ, ಜ್ವರ ಬರುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ಮೇಷ್ಟರು ಅದನ್ನು ಮೂಢತನವೆಂದು ತಳ್ಳಿಹಾಕಲಿಲ್ಲ. ಕೋಟೆ ಗೆದ್ದ ಇಂಗ್ಲಿಷರ ಪಾಳೆಯವು ಈ ದ್ವೀಪದ ಜ್ವರವನ್ನು ತಾಳಲಾರದೆ ೧೮೦೯ರಲ್ಲಿ ಬೆಂಗಳೂರಿಗೆ ಎದ್ದುಹೋದುದನ್ನು ಹೇಳಿದರು. ಮಲೇರಿಯಾ ಎಂಬ ಮಾತಿಗೆ ಇಟಲಿಯವರ ಭಾಷೆಯಲ್ಲಿ ‘ಕೆಟ್ಟ ಗಾಳಿ’ ಎಂದೇ ಅರ್ಥವೆಂದೂ, ಅದು ಗಾಳಿಯಲ್ಲ, ಸೊಳ್ಳೆಯ ಮೈಯಲ್ಲಿ ಬೆಳೆಯುವ ಕ್ರಿಮಿಯೆಂದೂ ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯ ಕಂಡುಹಿಡಿದನೆಂದೂ ವಿವರಿಸಿದರು. “ನಿಮ್ಮ ಅಜ್ಜಿ ಜಾಗವನ್ನು ಸರಿಯಾಗಿ ಹೇಳಿದಳು, ಹೊತ್ತನ್ನು ಸರಿಯಾಗಿ ಹೇಳಿದಳು, ಹೆಸರನ್ನು ಮಾತ್ರ ತಪ್ಪಾಗಿ ಹೇಳಿದಳು. ಮೂರರಲ್ಲಿ ಎರಡು ಸರಿ. ನಿಮ್ಮ ಉತ್ತರಪತ್ರಿಕೆಗಳಿಗಿಂತ ವಾಸಿ” ಎಂದರು. ಹಿರಿಯರ ಭಯಗಳಲ್ಲಿ ಅರ್ಧ ಅನುಭವ ಅಡಗಿರುತ್ತದೆಂಬುದನ್ನೂ, ಉಳಿದ ಅರ್ಧವನ್ನು ನಾವೇ ಹುಡುಕಿಕೊಳ್ಳಬೇಕೆಂಬುದನ್ನೂ ಅಂದು ತಿಳಿದೆ.

ಅವರ ಈ ಪದ್ಧತಿಯನ್ನು ಮೆಚ್ಚದವರೂ ಇದ್ದರು. ಊರಿನ ವಿಚಾರವಂತರೊಬ್ಬರು ಶಾಲೆಯ ಜಗಲಿಯಲ್ಲಿಯೇ ಅವರನ್ನು ನಿಲ್ಲಿಸಿಕೊಂಡು, “ಎಚ್. ನರಸಿಂಹಯ್ಯನವರಂಥವರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದುಕೊಂಡು ೧೯೭೬ರಲ್ಲಿ ಪವಾಡಗಳನ್ನು ಪರೀಕ್ಷಿಸುವುದಕ್ಕೆ ಸಮಿತಿ ಮಾಡಿದರು. ನೀವೋ ಮೇಷ್ಟರಾಗಿ ಮಕ್ಕಳಿಗೆ ದೆವ್ವದ ಕಥೆ ಹೇಳಿಕೊಂಡು ತಿರುಗುತ್ತೀರಿ” ಎಂದು ಆಕ್ಷೇಪಿಸಿದರು. ಮೇಷ್ಟರು ಕೈಮುಗಿದು ಹೇಳಿದ ಉತ್ತರ ನನಗೆ ಇನ್ನೂ ನೆನಪಿದೆ: “ಸ್ವಾಮಿ, ಅವರದು ದೊಡ್ಡ ಕೆಲಸ, ನಿಜವೋ ಸುಳ್ಳೋ ಎಂದು ಕೇಳುವವರು ಬೇಕೇ ಬೇಕು. ಆದರೆ ಸುಳ್ಳೆಂದು ಗೊತ್ತಾದ ಮೇಲೂ ಕಥೆ ಸಾಯುವುದಿಲ್ಲವಲ್ಲ, ಅದು ಏಕೆ ಹುಟ್ಟಿತು ಎಂದು ಕೇಳುವವರೂ ಒಬ್ಬರು ಬೇಕು. ನನ್ನದು ಆ ಚಿಕ್ಕ ಕೆಲಸ.”

ಈಗ ನನ್ನ ಮನೆಯ ವಿಷಯಕ್ಕೆ ಬರಬೇಕು. ತೊಂಬತ್ತರ ದಶಕದಲ್ಲಿ ನಮ್ಮ ನಾಡಿನ ಹಲವು ಊರುಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಎರಡು ಮಾತುಗಳು ಕಾಣಿಸಿಕೊಂಡುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ರಾತ್ರಿಯಲ್ಲಿ ಒಂದು ಹೆಣ್ಣು ದೆವ್ವ ಬಂದು ಮನೆಯವರಿಗೆ ಪರಿಚಿತವಾದ ಧ್ವನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ. ಓಗೊಟ್ಟು ಬಾಗಿಲು ತೆರೆದವರು ಉಳಿಯುವುದಿಲ್ಲ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರೆ ಅದು ಓದಿಕೊಂಡು ಹಿಂದಿರುಗಿ, ಮರುದಿನ ಮತ್ತೆ ಬಂದು ಮತ್ತೆ ಓದಿಕೊಂಡು ಹೋಗುತ್ತದೆ ಎಂಬುದು ಆಗಿನ ವದಂತಿ. ಮೇಷ್ಟರು ನಮ್ಮನ್ನು ಒಂದು ಬೀದಿಯುದ್ದಕ್ಕೂ ನಡೆಸಿಕೊಂಡು ಹೋಗಿ ಬಾಗಿಲುಗಳನ್ನು ತೋರಿಸಿದರು. ಸುಣ್ಣದಲ್ಲಿ, ಇದ್ದಲಿನಲ್ಲಿ, ಸೀಮೆಸುಣ್ಣದಲ್ಲಿ ಬರೆದಿದ್ದರು. ಒಂದು ಮನೆಯಲ್ಲಿ ‘ನಾಲೆ ಬಾ’ ಎಂದಿತ್ತು. “ಈ ದೆವ್ವಕ್ಕೆ ಕನ್ನಡ ಓದಲು ಬರುತ್ತದೆ, ಬಹಳ ಸಂತೋಷ. ಆದರೆ ಈ ಮನೆಯನ್ನು ಬಿಟ್ಟು ನಾಲೆಯ ಕಡೆಗೆ ಹೋದೀತು” ಎಂದು ಅವರು ಹೇಳಿದಾಗ ನಿಯಮ ಮುರಿದು ಎಲ್ಲರೂ ನಕ್ಕೆವು. ಅನಂತರ ಅವರೇ ಮೆಲ್ಲಗೆ, “ಇದು ಬುದ್ಧಿವಂತರು ಕಟ್ಟಿದ ಉಪಾಯ ನೋಡಿ. ಬರಬೇಡ ಎಂದು ಹೇಳುವ ಧೈರ್ಯ ನಮಗಿಲ್ಲ. ಬಾ ಎಂದು ಹೇಳುವ ಮನಸ್ಸೂ ಇಲ್ಲ. ನಾಳೆ ಎನ್ನುತ್ತೇವೆ. ಸಾಲಗಾರನಿಗೆ ಹೇಳುವುದೂ ಇದೇ, ಬಡ ನೆಂಟನಿಗೆ ಹೇಳುವುದೂ ಇದೇ” ಎಂದರು. ನಗು ನಿಂತಿತು.

ಮೇಷ್ಟರೊಂದಿಗೆ ಇಷ್ಟು ತಿರುಗಿದರೂ ನನಗೆ ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಆ ಸಂಜೆಯೇ ನಮ್ಮ ಮನೆಯ ತಲೆಬಾಗಿಲಿನ ಮೇಲೆ ಸೀಮೆಸುಣ್ಣದಿಂದ ಅಂದವಾಗಿ ‘ನಾಳೆ ಬಾ’ ಎಂದು ಬರೆದೆ. ಬೆಳಗ್ಗೆ ನೋಡಿದರೆ ಅಕ್ಷರಗಳಿರಲಿಲ್ಲ. ಮತ್ತೆ ಬರೆದೆ, ಮತ್ತೆ ಹೋಯಿತು. ಮೂರನೆಯ ದಿನ ಕಾದು ನೋಡಿದೆ. ಎಲ್ಲರೂ ಮಲಗಿದ ಮೇಲೆ ನಮ್ಮ ಅಜ್ಜಿ, ನಮ್ಮ ತಂದೆಯ ತಾಯಿ, ಒದ್ದೆಯ ಬಟ್ಟೆಯನ್ನು ಹಿಡಿದು ಬಂದು, ಎಟುಕದ ಕೈಯನ್ನು ಎತ್ತಿ ಎತ್ತಿ ಆ ಎರಡು ಮಾತುಗಳನ್ನು ಒರಸುತ್ತಿದ್ದರು. ನನ್ನನ್ನು ಕಂಡು, “ಬಾಗ್ಲ ಮ್ಯಾಲೆ ಅಂಥಾ ಮಾತ ಬರೀಬಾರ್ದು ಕಣಪ್ಪ” ಎಂದು ಇಷ್ಟೇ ಹೇಳಿ ಒಳಗೆ ಹೋದರು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ; ಯಾರನ್ನೋ ಕೇಳಿ ತಿಳಿದುಕೊಂಡಿರಬೇಕು. ಅಜ್ಜಿಗೆ ದೆವ್ವದ ಭಯವಿಲ್ಲವೆಂದು ನಾನು ಹೆಮ್ಮೆಪಟ್ಟುಕೊಂಡೆ. ಆದರೆ ಅದೇ ಅಜ್ಜಿ ಹಿತ್ತಿಲ ಹಳೆಯ ಬಾವಿಯ ಹತ್ತಿರಕ್ಕೆ ನಮ್ಮನ್ನು ಬಿಡುತ್ತಿರಲಿಲ್ಲ. ಅದರ ಬಾಯಿಗೆ ಕಲ್ಲುಚಪ್ಪಡಿ ಹಾಕಿ ಮುಚ್ಚಿತ್ತು. ಅಲ್ಲೊಂದು ಮೋಹಿನಿ ಇದೆಯೆಂದು ನಮ್ಮ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಇದಾದ ಸ್ವಲ್ಪ ದಿನಗಳಿಗೆ ನಾನು ಒಂದು ತಪ್ಪು ಮಾಡಿದೆ. ಗೋರಿಗಳ ತೋಟದ ನಡಿಗೆಯ ರಾತ್ರಿ, ಮೈಸೂರಿನಿಂದ ಬಂದಿದ್ದ ಹುಡುಗರನ್ನು ಹೆದರಿಸಬೇಕೆಂದು ಮೊದಲೇ ಹೋಗಿ, ಬಿಳಿಯ ಪಂಚೆ ಹೊದ್ದು ಒಂದು ಗೋರಿಯ ಹಿಂದೆ ಅಡಗಿ ಕುಳಿತೆ. ಆ ತೋಟ ಆಗ ಈಗಿನಂತೆ ಚೊಕ್ಕಟವಾಗಿರಲಿಲ್ಲ. ಸುಮಾರು ೩೦೦ ಸಮಾಧಿಗಳು ಮುಳ್ಳುಕಂಟಿಗಳಲ್ಲಿ ಹುದುಗಿದ್ದುವು. ಇಂಗ್ಲಿಷರ ಜೊತೆಗೆ, ಅವರ ಸಂಬಳಕ್ಕೆ ಕಾದಾಡಲು ಬಂದ ದ ಮ್ಯೂರಾನ್ ಎಂಬ ಸ್ವಿಸ್ ಪಟಾಲಮ್ಮಿನವರೂ ಅಲ್ಲಿ ಮಲಗಿದ್ದಾರೆ. ಆ ದ ಮ್ಯೂರಾನ್ ಮನೆತನದವರೇ ಈ ಶತಮಾನದ ಮೊದಲ ದಶಕದಲ್ಲಿ ಮುಂದೆ ಬಂದು ಅದನ್ನು ಜೀರ್ಣೋದ್ಧಾರ ಮಾಡಿಸಿದರು. ಅಂದು ದೀಪ ಆರಿಸಿ ಎಲ್ಲರೂ ನೂರು ಎಣಿಸುತ್ತಿದ್ದಾಗ ನಾನು ಊಳಿಟ್ಟುಕೊಂಡು ಎದ್ದೆ. ಹುಡುಗರು ಕಿರುಚಿ ಚೆಲ್ಲಾಪಿಲ್ಲಿಯಾದರು. ಒಬ್ಬನಿಗೆ ಬಿದ್ದು ಮೊಣಕಾಲು ಒಡೆಯಿತು.

ಮೇಷ್ಟರು ಹೊಡೆಯಲಿಲ್ಲ. ಅವನ ಗಾಯವನ್ನು ತಮ್ಮ ಕರವಸ್ತ್ರದಿಂದ ಕಟ್ಟಿ ಆದಮೇಲೆ ನನ್ನ ಹತ್ತಿರ ಬಂದು, “ಇವರು ಸಮುದ್ರ ದಾಟಿ ಬಂದು ಇಲ್ಲಿ ಸತ್ತವರು. ಇವರ ಮನೆಗೆ ಬಂದು ನಗುವ ಹಕ್ಕನ್ನು ನಿನಗೆ ಯಾರು ಕೊಟ್ಟರಯ್ಯಾ?” ಎಂದರು. ಶಿಕ್ಷೆಯೇನೆಂದರೆ, ಮರುದಿನ ಹಗಲಿನಲ್ಲಿ ಅವರು ತೋರಿಸಿದ ಒಂದು ಗೋರಿಯ ಸುತ್ತಣ ಮುಳ್ಳು ಕಿತ್ತು, ಕಲ್ಲನ್ನು ನೀರಿನಿಂದ ತೊಳೆದು, ಅದರ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಒಂದೂ ಬಿಡದೆ ಕಾಗದದಲ್ಲಿ ಬರೆದುಕೊಂಡು ಬರುವುದು. ಭಾನುವಾರವೆಲ್ಲ ಆ ಕೆಲಸಕ್ಕೆ ಹಿಡಿಯಿತು. ಅಕ್ಷರಗಳಲ್ಲಿ ಪಾಚಿ ಕಟ್ಟಿತ್ತು. ಕಡ್ಡಿಯಿಂದ ಒಂದೊಂದನ್ನೇ ಕೆರೆದೆ. ಹೆಸರು ಹೊರಟಿತು: ಕೆರೊಲೈನ್ ಇಸಬೆಲ್ಲಾ ಸ್ಕಾಟ್. ವರ್ಷ ೧೮೧೭. ನನಗೆ ಆ ಹೆಸರು ಏನನ್ನೂ ಹೇಳಲಿಲ್ಲ. ಕಾಗದವನ್ನು ಮೇಷ್ಟರಿಗೆ ಕೊಟ್ಟೆ. ಅವರು ಮಡಿಸಿ ಜೇಬಿನಲ್ಲಿಟ್ಟುಕೊಂಡರು.

ಮುಂದಿನ ತಿಂಗಳ ನಡಿಗೆ ಸ್ಕಾಟನ ಬಂಗಲೆಗೆ. ಕೋಟೆಯ ಮೈಸೂರು ಬಾಗಿಲಿನಿಂದ ಅರ್ಧ ಮೈಲಿಯಷ್ಟು ದೂರದಲ್ಲಿ ಹೊಳೆಯ ದಂಡೆಯ ಮೇಲಿರುವ ಆ ಮನೆ ನಮ್ಮ ಸೀಮೆಯ ದೆವ್ವದ ಮನೆಗಳಿಗೆಲ್ಲ ರಾಜ. ಮೇಷ್ಟರು ಕಥೆಯನ್ನು ತಮ್ಮ ದೊಡ್ಡ ಧ್ವನಿಯಲ್ಲಿ ಹೇಳಿದರು. ಫಿರಂಗಿಯ ಗಾಡಿಗಳ ಕಾರ್ಖಾನೆಗೆ ಅಧಿಕಾರಿಯಾಗಿದ್ದ ಕರ್ನಲ್ ಸ್ಕಾಟ್ ಒಂದು ದಿನ ಊರಿಂದ ಹಿಂದಿರುಗಿದನು. ಬಾಗಿಲಿಗೆ ಯಾರೂ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಹೆಂಡತಿಯೂ ಇಬ್ಬರು ಹೆಣ್ಣುಮಕ್ಕಳೂ ಕಾಲರಾದಿಂದ ಸತ್ತು ಬಿದ್ದಿದ್ದರು. ಅವನು ಬಂದ ಹೆಜ್ಜೆಯಲ್ಲಿಯೇ ಹೊರಟುಹೋದನು. ಹೊಳೆಗೆ ಬಿದ್ದನೆನ್ನುವವರುಂಟು, ದೇಶಾಂತರ ಹೋದನೆನ್ನುವವರುಂಟು. ಅವನು ಬಂದಾನೆಂದು ಮೈಸೂರಿನ ಮಹಾರಾಜರು ಮೇಜು ಕುರ್ಚಿ ಹಾಸಿಗೆಗಳನ್ನು ಕದಲಿಸದೆ ಇದ್ದ ಹಾಗೆಯೇ ಇಡಿಸಿದರಂತೆ. ಇಂಗ್ಲಿಷಿನಲ್ಲಿ ಇದನ್ನು ಕುರಿತು ಪದ್ಯವೂ ಹುಟ್ಟಿದೆ. ದೀಪ ಆರಿತು. ನೂರು ಎಣಿಸಿದೆವು. ಹೊಳೆ ಹರಿಯುತ್ತಿತ್ತು.

ದೀಪ ಹಚ್ಚಿ ಮೇಷ್ಟರು ಜೇಬಿನಿಂದ ನನ್ನ ಕಾಗದವನ್ನು ತೆಗೆದು ನನ್ನ ಕೈಗೇ ಕೊಟ್ಟರು. “ಓದಪ್ಪಾ” ಎಂದರು. ನಾನು ಓದಿದೆ. ಕರ್ನಲ್ ಸ್ಕಾಟನ ಹೆಂಡತಿಯ ಹೆಸರು ಅದು. ಆಕೆ ಕಾಲರಾದಿಂದಲ್ಲ, ಹೆರಿಗೆಯಲ್ಲಿ ತೀರಿಕೊಂಡವಳೆಂದು ಮೇಷ್ಟರು ವಿವರಿಸಿದರು. “ಕಥೆಯಲ್ಲಿ ಕರ್ನಲನಿಗೆ ಹೆಸರಿದೆ, ದುಃಖವಿದೆ, ಬಂಗಲೆಯಿದೆ, ಪದ್ಯವೂ ಇದೆ. ಸತ್ತವಳು ಇವಳು. ಇವಳ ಹೆಸರನ್ನು ನಿಮ್ಮಲ್ಲಿ ಯಾರಾದರೂ ಇದುವರೆಗೆ ಕೇಳಿದ್ದಿರಾ? ಕಥೆ ಹೇಳುವವರು ಬಂಗಲೆಗೆ ಬರುತ್ತಾರೆ. ಮುಳ್ಳು ಕಿತ್ತು ಅವಳ ಕಲ್ಲು ಓದಿದವನು ಈ ಹುಡುಗ. ಇವನು ಇನ್ನು ಹೆದರಬೇಕಾದ್ದಿಲ್ಲ.” ಸ್ವಲ್ಪ ತಡೆದು ಅವರು ಹೇಳಿದ ಮಾತಿಗಾಗಿಯೇ ನಾನು ಇದನ್ನೆಲ್ಲ ಬರೆಯುತ್ತಿದ್ದೇನೆಂದರೂ ಸಲ್ಲುತ್ತದೆ: “ಎಲ್ಲಿ ದೆವ್ವವಿದೆಯೆಂದು ಜನ ಹೇಳಿದರೂ ಇದೆಯೋ ಇಲ್ಲವೋ ಎಂದು ಜಗಳವಾಡಬೇಡಿ. ಅಲ್ಲಿ ಸತ್ತವರು ಯಾರು, ಅವರಿಗಾಗಿ ಅತ್ತವರು ಯಾರು ಎಂದು ಕೇಳಿ. ಅಳುವವರು ಅತ್ತು ಮುಗಿಸಿದ್ದರೆ ಅಲ್ಲಿ ದೆವ್ವ ಇರುವುದಿಲ್ಲ.”

ಆ ರಾತ್ರಿ ಮನೆಗೆ ಬಂದಾಗ ಅಜ್ಜಿ ನನಗಾಗಿ ಎಚ್ಚರವಾಗಿದ್ದರು. ಊಟಕ್ಕೆ ಬಡಿಸುತ್ತಿದ್ದ ಅವರನ್ನು ನಾನು, “ಅಜ್ಜಿ, ನಮ್ಮ ಬಾವಿಯಲ್ಲಿ ಸತ್ತವರು ಯಾರು?” ಎಂದು ಕೇಳಿಬಿಟ್ಟೆ. ಅವರ ಕೈಯಲ್ಲಿದ್ದ ಸೌಟು ನಿಂತಿತು. ಬಹಳ ಹೊತ್ತು ಮಾತಿರಲಿಲ್ಲ. ನಾನು ಅಭ್ಯಾಸಬಲದಿಂದ ಮನಸ್ಸಿನಲ್ಲಿ ಎಣಿಸುತ್ತಿದ್ದೆ. ನೂರಾಗುವುದಕ್ಕೆ ಮೊದಲೇ ಅವರು ನೆಲದ ಮೇಲೆ ಕುಳಿತರು.

ನಮ್ಮ ತಂದೆಗೆ ಒಬ್ಬ ತಂಗಿಯಿದ್ದಳು. ಅದುವರೆಗೆ ನನಗದು ತಿಳಿಯದು. ಹದಿನೇಳನೆಯ ವಯಸ್ಸಿನಲ್ಲಿ ಮದುವೆಯಾಯಿತು. ಗಂಡನ ಮನೆಯಲ್ಲಿ ಸುಖವಿರಲಿಲ್ಲ. ಎರಡು ಸಲ ತವರಿಗೆ ಬಂದಳು. ಎರಡು ಸಲವೂ ಬುದ್ಧಿ ಹೇಳಿ ಕಳುಹಿಸಿದರು. ಮೂರನೆಯ ಸಲ ನಡುರಾತ್ರಿಯಲ್ಲಿ ಒಬ್ಬಳೇ ನಡೆದು ಬಂದು ಕದ ತಟ್ಟಿ, “ಅವ್ವಾ” ಎಂದು ಕರೆದಳು. ನಮ್ಮ ತಾತ ಒಳಗಿನಿಂದಲೇ, “ಹೇಳದೆ ಕೇಳದೆ ಬಂದವಳನ್ನು ಒಳಕ್ಕೆ ಕರೆದರೆ ಬೆಳಗಾದರೆ ಊರು ಏನೆಂದೀತು? ಹಿಂದಿರುಗಿ ಹೋಗು, ನಾಳೆ ನಿನ್ನ ಗಂಡನನ್ನು ಕರೆದುಕೊಂಡು ಬಾ” ಎಂದರು. ಅಜ್ಜಿ ಬಾಗಿಲಿನ ಹಿಂದೆ ನಿಂತಿದ್ದರು. “ಅಗುಳಿ ಮ್ಯಾಲೆ ಕೈ ಮಡಿಕಂಡಿದ್ದೆ ಕಣಪ್ಪ. ತೆಗೀನಿಲ್ಲ” ಎಂದರು. ಹೊರಗೆ ಸ್ವಲ್ಪ ಹೊತ್ತು ಬಳೆಯ ಸದ್ದು ಕೇಳಿಸುತ್ತಿತ್ತಂತೆ. ಆಮೇಲೆ ಅದೂ ಇಲ್ಲ. ಬೆಳಗ್ಗೆ ನೀರು ಸೇದಲು ಹೋದಾಗ ತಿಳಿಯಿತು.

ಮರ್ಯಾದೆಗಾಗಿ ಎಲ್ಲವೂ ಬೇಗ ಬೇಗನೆ ಮುಗಿಯಿತು. ಬಾವಿಗೆ ಚಪ್ಪಡಿ ಬಿತ್ತು. ಅವಳ ಹೆಸರನ್ನು ಎತ್ತಕೂಡದೆಂದು ತಾತ ಆಜ್ಞೆ ಮಾಡಿದರು. ಹೆಸರು ಹೋದ ಜಾಗದಲ್ಲಿ ಮೋಹಿನಿ ಬಂದು ಕುಳಿತಳು. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಪ್ರತಿ ಪಿತೃಪಕ್ಷದಲ್ಲಿಯೂ ಹಿರಿಯರಿಗೆ ಎಲೆ ಹಾಕಿ ಎಡೆ ಇಡುವಾಗ ಅಜ್ಜಿ ಎಲೆಗಳನ್ನು ಎರಡು ಸಲ ಎಣಿಸುವುದನ್ನು ನಾವು ನೋಡಿ, ವಯಸ್ಸಾದವರ ಮರವೆಯೆಂದುಕೊಂಡಿದ್ದೆವು. ಒಂದು ಎಲೆ ಕಡಿಮೆಯಿರುವುದು ಅವರೊಬ್ಬರಿಗೇ ಗೊತ್ತಿತ್ತು. ಇಂಥ ಮನೆಯ ಬಾಗಿಲಿನ ಮೇಲೆ, ಅದೇ ಬಾಗಿಲಿನ ಮೇಲೆ, ನಾನು ಮೂರು ದಿನ ‘ನಾಳೆ ಬಾ’ ಎಂದು ಬರೆದಿದ್ದೆ.

ಈ ಸಂಗತಿಯನ್ನು ಮೇಷ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರಸಿಕೊಂಡರು. ನನ್ನನ್ನು ಹೊಗಳಲಿಲ್ಲ, ನಮ್ಮ ತಾತನನ್ನು ಬಯ್ಯಲೂ ಇಲ್ಲ. “ನಿಮ್ಮ ತಂದೆಗೆ ಹೇಳಿದೆಯಾ?” ಎಂದು ಕೇಳಿದರು. ಇಲ್ಲವೆಂದೆ. “ಅವರೂ ಆ ರಾತ್ರಿ ಮನೆಯಲ್ಲಿ ಮಲಗಿದ್ದವರೇ ಅಲ್ಲವೆ? ಹೋಗಿ ಅವರ ಪಕ್ಕದಲ್ಲಿ ಕುಳಿತುಕೋ. ಏನೂ ಕೇಳಬೇಡ” ಎಂದರು. ಹಾಗೆಯೇ ಮಾಡಿದೆ. ತಾತ ಆಗ ಬದುಕಿರಲಿಲ್ಲ. ಆ ವರ್ಷ ಮಾಲಯ ಅಮಾವಾಸ್ಯೆಗೆ ನಮ್ಮ ತಂದೆ ಮೈಸೂರಿಗೆ ಹೋಗಿ, ಹಸಿರು ಬಣ್ಣದ ಸೀರೆಯೊಂದನ್ನು ತಂದು ಮಾತಾಡದೆ ಅಜ್ಜಿಯ ಮುಂದಿಟ್ಟರು. ಅಜ್ಜಿ ಒಂದು ಎಲೆಯನ್ನು ಹೆಚ್ಚಾಗಿ ಹಾಕಿ, ಅದರ ಮುಂದೆ ಸೀರೆಯನ್ನಿಟ್ಟು, ಮಗಳ ಹೆಸರನ್ನು ಗಟ್ಟಿಯಾಗಿ ಕರೆದು “ಒಳೀಕೆ ಬಾ” ಎಂದರು. ಆ ಹೆಸರು ಮನೆಯದು. ಅದನ್ನು ಇಲ್ಲಿ ಬರೆಯುವುದಿಲ್ಲ. ತಲೆಬಾಗಿಲು ಅಂದು ರಾತ್ರಿಯೆಲ್ಲ ತೆರೆದೇ ಇತ್ತು. ಬಾವಿಯ ಮೋಹಿನಿಯ ಸುದ್ದಿ ಹಳ್ಳಿಯಲ್ಲಿ ಇನ್ನೂ ಕೆಲವು ವರ್ಷ ಉಳಿದಿತ್ತು. ನಮ್ಮ ಮನೆಯಲ್ಲಿ ಉಳಿಯಲಿಲ್ಲ.

ಮೇಷ್ಟರು ನಿವೃತ್ತರಾಗಿ, ಮಗನ ಊರಿಗೆ ಹೋಗಿ, ಅಲ್ಲಿಯೇ ತೀರಿಕೊಂಡರು. ನಡಿಗೆಯನ್ನು ಮುಂದುವರಿಸಿದವರಿಲ್ಲ. ಕತ್ತಲು ಈಗ ಆ ಊರಿನಲ್ಲಿಯೂ ಕಡಿಮೆ. ಹೆದ್ದಾರಿಯ ದೀಪಗಳು ರಾತ್ರಿಯಿಡೀ ಉರಿಯುತ್ತವೆ. ಆದರೂ ನಾನು ಆ ಕಡೆ ಹೋದಾಗಲೆಲ್ಲ ಗೋರಿಗಳ ತೋಟದ ಒಳಗೆ ಹೊಕ್ಕು, ನಾನು ತೊಳೆದ ಕಲ್ಲಿನ ಮುಂದೆ ನಿಂತು, ಹೆಸರನ್ನು ಒಮ್ಮೆ ಓದಿ ಬರುತ್ತೇನೆ.

ಕೆಲವು ವರ್ಷಗಳ ಕೆಳಗೆ ಒಂದು ರಾತ್ರಿ, ಹತ್ತಿರದ ಬಂಧುಗಳ ಮನೆಯೊಂದರಲ್ಲಿ ನಾವೆಲ್ಲ ಸೇರಿದ್ದಾಗ, ಆ ಮನೆಯ ಮಗಳು ಗಂಡನ ಮನೆಯಿಂದ ಒಂದು ಕೈಚೀಲದೊಡನೆ ಬಂದು ಬಾಗಿಲು ತಟ್ಟಿದಳು. ಒಳಗಿದ್ದವರು ಎಲ್ಲರೂ ಓದಿದವರು, ಒಳ್ಳೆಯವರು. ಒಬ್ಬರು ಗಡಿಯಾರ ನೋಡಿದರು. ಮತ್ತೊಬ್ಬರು, “ಈಗ ಬೇಡ, ಅವರಿಗೊಂದು ಫೋನು ಮಾಡಿ, ನಾಳೆ ಎಲ್ಲರೂ ಕುಳಿತು ಮಾತನಾಡೋಣ” ಎಂದರು. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬಹಳ ವಿವೇಕದ ಮಾತು. ಆದರೆ ನನಗೆ ಅಜ್ಜಿಯ ಒದ್ದೆಯ ಬಟ್ಟೆ ಕಂಡಿತು. ಅಗುಳಿಯ ಮೇಲೆ ಇದ್ದ ಕೈ ಕಂಡಿತು. ಎದ್ದು ಹೋಗಿ ಬಾಗಿಲು ತೆರೆದೆ.

ಅವಳ ಮುಂದಿನ ಕಥೆ ಅವಳದು. ಅದನ್ನು ಹೇಳುವ ಅಧಿಕಾರ ನನಗಿಲ್ಲ. ಅಂದು ರಾತ್ರಿ ಅವಳು ಬಿಸಿಯನ್ನ ಸಾರು ಊಟಮಾಡಿ ಮಲಗಿದಳ
ೆಂಬಷ್ಟನ್ನು ಮಾತ್ರ ಹೇಳುತ್ತೇನೆ. ನಾಳೆಯ ಮಾತುಗಳನ್ನೆಲ್ಲ ನಾಳೆಯೇ ಆಡಿದೆವು.